ಏರ್ ಗನ್ ಆಟಿಕೆಯೇ? ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರೆಯುವ ಮುನ್ನ ಇದನ್ನು ಓದಿ

"ಏರ್ ಗನ್ ಅಂದ್ರ ಆಟಿಗಿ ಸಾಮಾನು, ಅದಕ್ಯಾಕ ಲೈಸನ್ಸ್? ಗುಂಡು ಕೊಳ್ಳೋದೂ ಬ್ಯಾಡ, ಹಳೇ ಬ್ಯಾಟರಿ ಸೀಸ ಕರಗಿಸಿ ಮನ್ಯಾಗ ಎರಕಾ ಹೊಯ್ಕೋಬಹುದು."

ಇಂಥ ಮಾತನ್ನು ನೀವೂ ಕೇಳಿರಬಹುದು. ಇದರ ಜೊತೆಗೆ ಒಂದು ಸಣ್ಣ ವಿಡಿಯೋ ಕೂಡ ಬಂದಿರಬಹುದು. ಒಲೆಯ ಮೇಲೆ ಕಬ್ಬಿಣದ ಬಟ್ಟಲು, ಅದರಲ್ಲಿ ಬೆಳ್ಳಿಯಂತೆ ಹೊಳೆಯುವ ದ್ರವ, ಅಚ್ಚಿನಿಂದ ಟಣ್ ಟಣ್ ಎಂದು ಬೀಳುವ ಗುಂಡುಗಳು, ಕೊನೆಗೆ ಗೋಡೆಗೆ ನಿಲ್ಲಿಸಿದ ಡಬ್ಬಿಗೆ ತೂತು. ನೋಡಲು ಸೊಗಸು, ಖರ್ಚು ಕಡಿಮೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹೊಲಕ್ಕೆ ಬರುವ ಮಂಗ, ಹಕ್ಕಿಗಳ ಕಾಟದಿಂದ ಬೇಸತ್ತ ರೈತರಿಗೂ, ಕೈಗೆ ಹೊಸದಾಗಿ ಏರ್ ಗನ್ ಬಂದ ಹುಡುಗರಿಗೂ ಇದು ಉಪಯುಕ್ತ ಮಾಹಿತಿ ಎನಿಸುವುದು ಸಹಜ.

ಆದರೆ ಈ ಮಾತಿನಲ್ಲಿ ಮೂರು ತಪ್ಪುಗಳಿವೆ. ಏರ್ ಗನ್ ಆಟಿಕೆಯಲ್ಲ. ಎಲ್ಲ ಏರ್ ಗನ್ನಿಗೂ ಲೈಸನ್ಸ್ ಬೇಡ ಎನ್ನುವುದು ನಿಜವಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮನೆಯಲ್ಲಿ ಗುಂಡು ಎರೆಯುವವರ ಮಟ್ಟಿಗೆ ಅಪಾಯ ಶುರುವಾಗುವುದು ಗನ್ನಿನ ಬಾಯಲ್ಲಿ ಅಲ್ಲ, ಒಲೆಯ ಮೇಲೆ. ಒಂದೊಂದಾಗಿ ನೋಡೋಣ.

ಗಾಳಿಯ ಬಂದೂಕು ಯುದ್ಧ ಮಾಡಿದ ಕಾಲ

ಕಿತ್ತೂರಿನ ನೆಲದಲ್ಲಿ ಗುಂಡಿನ ಕಥೆ ಎಲ್ಲರಿಗೂ ಗೊತ್ತು. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನನ್ನು ಹೊಡೆದವನು ಅಮಟೂರ ಬಾಳಪ್ಪ ಎಂದು ಈ ನಾಡಿನ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆ ಕಾಲದ ಬಂದೂಕಿಗೆ ಮದ್ದು ಬೇಕಿತ್ತು, ಕಿಡಿ ಬೇಕಿತ್ತು, ಸೀಸದ ಗುಂಡು ಬೇಕಿತ್ತು. ಗುಂಡನ್ನು ಅಚ್ಚಿನಲ್ಲಿ ಎರೆದುಕೊಳ್ಳುವುದು ಆಗ ಎಲ್ಲೆಡೆ ಇದ್ದ ರೂಢಿ.

ಅದಕ್ಕೂ ನಲವತ್ತು ವರ್ಷ ಮೊದಲೇ, ಮದ್ದೇ ಇಲ್ಲದೆ ಬರೀ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು ಯೂರೋಪಿನ ಸೈನ್ಯದಲ್ಲಿತ್ತು ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಜಿರಾಂಡೋನಿ ಎಂಬಾತ ರೂಪಿಸಿದ ಏರ್ ರೈಫಲ್ಲನ್ನು ಆಸ್ಟ್ರಿಯಾದ ಸೈನ್ಯ 1780ರ ಹೊತ್ತಿಗೆ ಬಳಸತೊಡಗಿತು. ಅದರ ಹಿಂಬದಿಯ ಹಿಡಿಕೆಯೇ ಗಾಳಿ ತುಂಬುವ ಸಿಲಿಂಡರ್. ಪಕ್ಕದ ಕೊಳವೆಯಲ್ಲಿ ಸುಮಾರು 20 ಸೀಸದ ಗುಂಡುಗಳು. ಒಂದಾದ ಮೇಲೊಂದು ಹಾರಿಸಬಹುದಿತ್ತು, ಪ್ರತಿಸಲ ಮದ್ದು ತುಂಬುವ ಗೋಜಿಲ್ಲ. ಸೈನಿಕರಿಗೆ ಗುಂಡು ಎರೆಯುವ ಅಚ್ಚನ್ನೂ ಜೊತೆಗೇ ಕೊಡುತ್ತಿದ್ದರು. ಅಮೆರಿಕದಲ್ಲಿ 1804ರಿಂದ 1806ರವರೆಗೆ ಲೂಯಿಸ್ ಮತ್ತು ಕ್ಲಾರ್ಕ್ ನಡೆಸಿದ ಪ್ರಸಿದ್ಧ ಅನ್ವೇಷಣಾ ಯಾತ್ರೆಯಲ್ಲೂ ಒಂದು ಏರ್ ರೈಫಲ್ ಇತ್ತು.

ಇದನ್ನು ಹೇಳಿದ್ದು ಯಾಕೆಂದರೆ, 'ಗಾಳಿ' ಎಂಬ ಪದ ನಮ್ಮನ್ನು ಮೋಸಗೊಳಿಸುತ್ತದೆ. ಗಾಳಿ ಎಂದರೆ ಹಗುರ, ಹಗುರ ಎಂದರೆ ನಿರಪಾಯ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಟ್ರ್ಯಾಕ್ಟರ್ ಟೈರು ಸಿಡಿದಾಗ ಪಕ್ಕದಲ್ಲಿ ನಿಂತವರಿಗೆ ಮಾತ್ರ ಒತ್ತಿಟ್ಟ ಗಾಳಿಯ ಬಲ ಗೊತ್ತಿರುತ್ತದೆ.

"ಕ್ರಿಕೆಟ್ ಚೆಂಡಿಗಿಂತ ಕಡಿಮೆ ಶಕ್ತಿ" ಎಂಬ ವಾದ ಎಲ್ಲಿ ತಪ್ಪುತ್ತದೆ?

ಏರ್ ಗನ್ ನಿರಪಾಯ ಎನ್ನುವವರು ಕೆಲವೊಮ್ಮೆ ಅಂಕಿ ಕೊಟ್ಟೇ ವಾದಿಸುತ್ತಾರೆ. ಅಂಕಿ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ಸುಳ್ಳು.

ಸಾಮಾನ್ಯ ಏರ್ ಗನ್ನಿನ ಗುಂಡು, ಅಂದರೆ ಪೆಲೆಟ್, 4.5 ಮಿ.ಮೀ. ದಪ್ಪ, ಸುಮಾರು ಅರ್ಧ ಗ್ರಾಂ ತೂಕ. ನಳಿಗೆಯಿಂದ ಹೊರಬೀಳುವಾಗ ಅದರಲ್ಲಿರುವ ಶಕ್ತಿಯನ್ನು ಜೂಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ದೇಶದಲ್ಲಿ ಲೈಸನ್ಸ್ ಬೇಡದ ಏರ್ ಗನ್ನಿಗೆ ಇರುವ ಮಿತಿ 20 ಜೂಲ್. ಗಂಟೆಗೆ 108 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿ 70 ಜೂಲಿಗೂ ಹೆಚ್ಚು ಶಕ್ತಿ ಇರುತ್ತದೆ. "ನೋಡ್ರೀ, ಚೆಂಡೇ ಹೆಚ್ಚು ಅಪಾಯ" ಎನ್ನಬಹುದಲ್ಲ?

ಅನ್ನಲಾಗದು. ಚೆಂಡಿನ ಅಡ್ಡಗಲ ಸುಮಾರು 72 ಮಿ.ಮೀ., ಪೆಲೆಟ್ಟಿನದು 4.5 ಮಿ.ಮೀ. ಅಡ್ಡಗಲದಲ್ಲಿ 16 ಪಟ್ಟು ವ್ಯತ್ಯಾಸವಾದರೆ, ಎದುರಿನ ವಿಸ್ತೀರ್ಣದಲ್ಲಿ 256 ಪಟ್ಟು ವ್ಯತ್ಯಾಸ. ಚೆಂಡು ತನ್ನ ಪೆಟ್ಟನ್ನು ಅಂಗೈಯಷ್ಟು ಜಾಗಕ್ಕೆ ಹಂಚುತ್ತದೆ, ಪೆಲೆಟ್ ಎಲ್ಲವನ್ನೂ ಒಂದು ಬಿಂದುವಿಗೆ ಇಳಿಸುತ್ತದೆ. ಹೆಬ್ಬೆರಳಿನಿಂದ ಎಷ್ಟೇ ಒತ್ತಿದರೂ ಗೋಣಿಚೀಲ ತೂತಾಗುವುದಿಲ್ಲ, ದಬ್ಬಣದಿಂದ ಮೆಲ್ಲಗೆ ಒತ್ತಿದರೂ ತೂತಾಗುತ್ತದೆ. ವ್ಯತ್ಯಾಸ ಇಷ್ಟೇ.

ವೇಗದ ಲೆಕ್ಕ ಇನ್ನೂ ಸ್ಪಷ್ಟ. ಅರ್ಧ ಗ್ರಾಂ ಗುಂಡಿಗೆ 20 ಜೂಲ್ ಶಕ್ತಿ ಇರಬೇಕಾದರೆ ಅದು ಸೆಕೆಂಡಿಗೆ ಸುಮಾರು 280 ಮೀಟರ್, ಅಂದರೆ ಗಂಟೆಗೆ ಸುಮಾರು 1000 ಕಿ.ಮೀ. ವೇಗದಲ್ಲಿ ಹೊರಡಬೇಕು. ವಿಧಿವಿಜ್ಞಾನದ ಪರೀಕ್ಷೆಗಳ ಪ್ರಕಾರ ಇಂಥ ಗುಂಡು ಮನುಷ್ಯನ ಚರ್ಮ ಭೇದಿಸಲು ಸೆಕೆಂಡಿಗೆ 100 ಮೀಟರ್ ಆಸುಪಾಸಿನ ವೇಗ ಸಾಕು. ಕಣ್ಣಿಗೆ ಅಷ್ಟೂ ಬೇಡ. ಹಾಗಾಗಿ "ಲೈಸನ್ಸ್ ಬೇಡದ್ದು" ಎಂಬ ಗನ್ನು ಚರ್ಮ ಸೀಳುವ ವೇಗದ ಎರಡೂವರೆ ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಗುಂಡು ಹಾರಿಸಬಲ್ಲದು. ಹತ್ತಿರದಿಂದ ಮಕ್ಕಳ ತಲೆ, ಕುತ್ತಿಗೆ, ಎದೆಗೆ ತಾಗಿದರೆ ಪ್ರಾಣಕ್ಕೇ ಕುತ್ತು.

ಲೈಸನ್ಸ್ ಬೇಕೋ ಬೇಡವೋ?

ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ವೇಗವಾಗಿ ಹರಡುತ್ತದೆ. ಇಲ್ಲಿ ಆಗಿರುವುದೂ ಅದೇ.

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕನ್ನು ವಿವರಿಸುವಾಗ ಸಿಡಿಮದ್ದಿನಿಂದ ಹಾರಿಸುವುದನ್ನು ಮಾತ್ರವಲ್ಲ, ಬೇರೆ ಬಗೆಯ ಶಕ್ತಿಯಿಂದ ಹಾರಿಸುವುದನ್ನೂ ಸೇರಿಸಿದೆ. ಹೀಗಾಗಿ ಏರ್ ಗನ್ ಕಾಯ್ದೆಯ ಹೊರಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಒಂದು ಗೆರೆ ಎಳೆದಿವೆ. ನಳಿಗೆಯ ಒಳ ಅಳತೆ .177 ಇಂಚು, ಅಂದರೆ 4.5 ಮಿ.ಮೀ. ಮೀರಬಾರದು. ಶಕ್ತಿ 20 ಜೂಲ್ ಮೀರಬಾರದು. ಎರಡೂ ಷರತ್ತು ಪೂರೈಸಿದರೆ ಮಾತ್ರ ಇಟ್ಟುಕೊಳ್ಳಲು ಲೈಸನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಲೈಸನ್ಸ್ ಬೇಕು. ಉದಾಹರಣೆಗೆ .22 ಅಳತೆಯ ಏರ್ ರೈಫಲ್ "ಏರ್ ಗನ್ನೇ ಅಲ್ವಾ" ಎಂಬ ಮಾತಿನಿಂದ ಪಾರಾಗುವುದಿಲ್ಲ.

ಇದರಿಂದ ಇನ್ನೊಂದು ವಿಷಯ ತಾನಾಗಿಯೇ ಹೊರಡುತ್ತದೆ. ಕೊಂಡಾಗ ಮಿತಿಯೊಳಗಿದ್ದ ಗನ್ನಿನ ಸ್ಪ್ರಿಂಗ್ ಬದಲಿಸಿ ಅಥವಾ ಒತ್ತಡ ಏರಿಸಿ 20 ಜೂಲ್ ದಾಟಿಸಿದರೆ, ಅಂಗಡಿಯ ಬಿಲ್ಲು ನಿಮ್ಮನ್ನು ಕಾಯುವುದಿಲ್ಲ. ಈಗ ನಿಮ್ಮ ಕೈಯಲ್ಲಿರುವುದು ಲೈಸನ್ಸ್ ಬೇಕಾದ ಆಯುಧ.

'ಸೆಮಿ ಆಟೋಮ್ಯಾಟಿಕ್' ಎಂಬ ಪದವನ್ನೂ ಬಿಡಿಸಿಕೊಳ್ಳೋಣ. ಜಾತ್ರೆಯಲ್ಲಿ ಕಾಣುವ ಗನ್ನನ್ನು ಪ್ರತಿ ಸಲ ಮಡಚಿ, ಒಂದು ಗುಂಡು ಹಾಕಿ ಹೊಡೆಯಬೇಕು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಕುದುರೆ ಎಳೆದಾಗಲೆಲ್ಲ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಬಂದು ಕೂರುತ್ತದೆ. ಅದಕ್ಕೆ ಬೇಕಾದ ಗಾಳಿ ಮೊದಲೇ ಸಿಲಿಂಡರಿನಲ್ಲಿ ತುಂಬಿರುತ್ತದೆ. ಅಪಾಯದ ದೃಷ್ಟಿಯಿಂದ ವ್ಯತ್ಯಾಸ ದೊಡ್ಡದು. ಒಂದು ಗುಂಡಿನ ಗನ್ನಿನಲ್ಲಿ ಹೊಡೆದ ಮೇಲೆ ಖಾಲಿ ಎಂದು ಗೊತ್ತಿರುತ್ತದೆ. ಇದರಲ್ಲಿ "ಖಾಲಿ ಆಗೇದ" ಎಂದುಕೊಂಡಾಗಲೂ ಒಳಗೆ ಗುಂಡು ಕೂತಿರಬಹುದು.

ಮನೆಯಲ್ಲಿ ಎರೆದ ಗುಂಡು ಯಾಕೆ ಸರಿಬರುವುದಿಲ್ಲ?

ವಿಷದ ಮಾತಿಗೆ ಹೋಗುವ ಮೊದಲು ಕುಶಲತೆಯ ಮಾತು. "ಅಂಗಡಿಯದ್ದಕ್ಕಿಂತ ಮನೆಯ ಗುಂಡೇ ಚಲೋ" ಎನ್ನುವುದೂ ಈ ವಿಡಿಯೋಗಳ ಒಂದು ವಾದ.

ಪೆಲೆಟ್ಟನ್ನು ಹತ್ತಿರದಿಂದ ನೋಡಿದರೆ ಅದು ಡಮರುಗದ ಆಕಾರದಲ್ಲಿರುತ್ತದೆ. ನಡು ಸಣ್ಣ, ಹಿಂಬದಿ ಟೊಳ್ಳು. ಆ ಟೊಳ್ಳು ಭಾಗದ ಅಂಚು ಕಾಗದದಂತೆ ತೆಳು. ಗಾಳಿ ಹಿಂದಿನಿಂದ ಒತ್ತಿದಾಗ ಅಂಚು ಅಗಲವಾಗಿ ನಳಿಗೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗಲೇ ಗಾಳಿ ಸೋರದೆ ಗುಂಡು ನೇರ ಹೋಗುವುದು. ಕಾರ್ಖಾನೆಯಲ್ಲಿ ಇವುಗಳನ್ನು ಸಾಮಾನ್ಯವಾಗಿ ಎರೆಯುವುದೇ ಇಲ್ಲ. ಸೀಸದ ತಂತಿಯನ್ನು ತುಂಡರಿಸಿ, ತಣ್ಣಗಿರುವಾಗಲೇ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಎರೆದ ಗುಂಡಿನಲ್ಲಿ ಗಾಳಿಗುಳ್ಳೆ ಉಳಿಯುತ್ತದೆ, ತಣಿಯುವಾಗ ಸೀಸ ಕುಗ್ಗುತ್ತದೆ, ಒಂದರ ತೂಕ ಇನ್ನೊಂದಕ್ಕಿಲ್ಲ. ಗುಜರಿ ಸೀಸದಲ್ಲಿ ಬೇರೆ ಲೋಹಗಳು ಬೆರೆತು ಗುಂಡು ಗಟ್ಟಿಯೂ ಆಗುತ್ತದೆ.

ಫಲವೇನು? ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಲಾಗಿ ಗುಂಡು ತುಂಬುವ ಗನ್ನಿನಲ್ಲಂತೂ ಇದು ಬೇಗ ಆಗುತ್ತದೆ. ಆಗ ಹುಡುಗರು ಮಾಡುವ ಮೊದಲ ಕೆಲಸವೆಂದರೆ ನಳಿಗೆಯೊಳಗೆ ಇಣುಕಿ ನೋಡುವುದು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಕ್ರೀಡೆಯಲ್ಲಿ ಗುಂಡಿನ ಪರೀಕ್ಷೆ ಹೇಗಿರುತ್ತದೆ ಎಂದು ತಿಳಿದರೆ ಈ ವ್ಯತ್ಯಾಸ ಅರ್ಥವಾಗುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ನಟ್ಟನಡುವಿನ ಹತ್ತರ ಬಿಂದು ಕೇವಲ ಅರ್ಧ ಮಿ.ಮೀ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಮಟ್ಟದಲ್ಲಿ ಗನ್ನನ್ನು ಹಿಡಿಕೆಗೆ ಬಿಗಿದು, ಒಂದೊಂದು ಬ್ಯಾಚಿನ ಗುಂಡನ್ನೂ ಕಾಗದದ ಮೇಲೆ ಹಾರಿಸಿ, ತೂತುಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂದು ಅಳೆದು ಆರಿಸುತ್ತಾರೆ. ಗುಂಡಿನ ಹಿಂದೆ ಅದನ್ನು ಹಿಡಿದಿಡುವ ವ್ಯವಸ್ಥೆ, ಹೊಡೆಯುವವರ ಮುಂದೆ ಯಾರೂ ಸುಳಿಯದ ಗೆರೆ, ಪಕ್ಕದಲ್ಲಿ ತರಬೇತುದಾರ ಇರುತ್ತಾರೆ. ಹಿತ್ತಲ ಗೋಡೆಗೆ ಡಬ್ಬಿ ನಿಲ್ಲಿಸಿ ಹೊಡೆಯುವುದು ಪರೀಕ್ಷೆಯಲ್ಲ. ಕಲ್ಲು, ಸಿಮೆಂಟು, ತಗಡಿಗೆ ತಾಗಿದ ಗುಂಡು ಯಾವ ದಿಕ್ಕಿಗೆ ಪುಟಿಯುತ್ತದೆ ಎಂದು ಹೇಳಲಾಗದು.

ನಿಜವಾದ ವಿಷ ಒಲೆಯ ಮೇಲೆ

ಈಗ ಮುಖ್ಯ ವಿಷಯಕ್ಕೆ ಬರೋಣ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿ ಬೆಳೆದವರಿಗೆ ಲೋಹ ಕರಗುವುದು ಹೊಸದಲ್ಲ. ಕಲಾಯಿಗೆ ಬಳಸಬೇಕಾದ ತವರ 232 ಡಿಗ್ರಿಗೆ ಕರಗುತ್ತದೆ. ಸೀಸ ಕರಗುವುದು 327 ಡಿಗ್ರಿಯಲ್ಲಿ. ಅಡುಗೆಮನೆಯ ಗ್ಯಾಸ್ ಒಲೆಗೆ ಇದು ಸುಲಭದ ಕೆಲಸ. ಸುಲಭವಾಗಿರುವುದೇ ತೊಂದರೆ.

"ಸೀಸ ಕುದಿಯೋದಿಲ್ಲ, ಹಂಗಾಗಿ ಹೊಗೆ ಬರೋದಿಲ್ಲ" ಎಂಬ ಸಮಾಧಾನವೂ ಇದೆ. ಸೀಸ ಕುದಿಯಲು 1700 ಡಿಗ್ರಿಗೂ ಹೆಚ್ಚು ಬೇಕು, ಅದು ನಿಜ. ಆದರೆ ಕರಗಿದ ಸೀಸದ ಮೇಲೆ ಬೂದುಬಣ್ಣದ ಕಿಟ್ಟ ಕಟ್ಟುತ್ತದೆ. ಅದು ಗಾಳಿಯೊಡನೆ ಸೇರಿದ ಸೀಸ, ಒಣಗಿದರೆ ನಯವಾದ ಪುಡಿ. ಕೆದಕಿದಾಗ ಹಾರುತ್ತದೆ, ನೆಲಕ್ಕೆ ಬೀಳುತ್ತದೆ, ಬಟ್ಟೆಗೆ, ಕೂದಲಿಗೆ, ಬೆರಳ ಸಂದಿಗೆ ಅಂಟುತ್ತದೆ. ಉರಿ ಹೆಚ್ಚಾದಷ್ಟೂ ಹೊಗೆಯೂ ಹೆಚ್ಚು. ಅದೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ, ಅದೇ ನೆಲದ ಮೇಲೆ ಕೂಸು ಅಂಬೆಗಾಲಿಡುತ್ತದೆ, ಆ ಕೈಯನ್ನೇ ಬಾಯಿಗೆ ಹಾಕುತ್ತದೆ.

ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವುದು ಇನ್ನೂ ಕೆಟ್ಟದ್ದು. ಅದರಲ್ಲಿ ಗಂಧಕಾಮ್ಲವಿದೆ, ಪ್ಲೇಟುಗಳಲ್ಲಿ ಆಂಟಿಮನಿಯಂಥ ಬೇರೆ ಲೋಹಗಳಿವೆ, ಪ್ಲೇಟಿನ ಮೇಲಿನ ಕೆಸರೆಲ್ಲ ಸೀಸದ ಪುಡಿಯೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರಿಗೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಇನ್ನೊಂದು ಅಪಾಯ ನೀರು. ಕರಗಿದ ಸೀಸಕ್ಕೆ ಒಂದು ಹನಿ ನೀರು, ಒಂದು ಹನಿ ಬೆವರು ಬಿದ್ದರೂ ಸಾಕು. ನೀರು ಆವಿಯಾಗುವಾಗ ಸುಮಾರು 1700 ಪಟ್ಟು ಹಿಗ್ಗುತ್ತದೆ. ಕ್ಷಣಾರ್ಧದಲ್ಲಿ ಸೀಸ ಸಿಡಿದು ಮುಖಕ್ಕೆ, ಕಣ್ಣಿಗೆ ಹಾರುತ್ತದೆ. ಕುದಿಯುವ ಎಣ್ಣೆ ಸಿಡಿಯುವುದನ್ನು ನೋಡಿದವರು ಅದರ ಎಷ್ಟೋ ಪಟ್ಟು ಎಂದು ಊಹಿಸಿಕೊಳ್ಳಬಹುದು.

ಎಷ್ಟು ಸೀಸ ಹೆಚ್ಚು? ಒಂದು ಸಣ್ಣ ಲೆಕ್ಕ

ಸೀಸದ ಮಟ್ಟಿಗೆ "ಇಷ್ಟಾದರೆ ಪರವಾಗಿಲ್ಲ" ಎಂಬ ಸುರಕ್ಷಿತ ಪ್ರಮಾಣ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡೆಸಿಲೀಟರ್, ಅಂದರೆ 100 ಮಿ.ಲೀ. ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎಂಬುದು ಅದರ 2021ರ ಮಾರ್ಗಸೂಚಿ.

ವರ್ಷದ, 10 ಕೆ.ಜಿ. ತೂಕದ ಕೂಸಿನ ಮೈಯಲ್ಲಿ ಸುಮಾರು 800 ಮಿ.ಲೀ. ರಕ್ತ ಇರುತ್ತದೆ. 5 ಮೈಕ್ರೋಗ್ರಾಂ ಲೆಕ್ಕಕ್ಕೆ ಆ ಇಡೀ ರಕ್ತದಲ್ಲಿರುವ ಸೀಸ 40 ಮೈಕ್ರೋಗ್ರಾಂ. ಅರ್ಧ ಗ್ರಾಂ ಪೆಲೆಟ್ ಎಂದರೆ 5 ಲಕ್ಷ ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಗುಂಡಿನ ಹನ್ನೆರಡು ಸಾವಿರದಲ್ಲಿ ಒಂದು ಪಾಲು ಆ ಕೂಸಿನ ರಕ್ತ ಸೇರಿದರೆ ಸಾಕು, ವೈದ್ಯರು ಎಚ್ಚರಿಸುವ ಮಟ್ಟ ಬಂತು. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ನಿಜ. ಆದರೆ ನುಂಗಿದ ಸೀಸವನ್ನು ಸಣ್ಣ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರುತ್ತದೆ. ಕಬ್ಬಿಣಾಂಶದ ಕೊರತೆ ಇದ್ದರೆ ಇನ್ನೂ ಹೆಚ್ಚು.

ದೇಹ ಸೀಸವನ್ನು ಸುಣ್ಣದಂಶ ಎಂದು ತಪ್ಪು ತಿಳಿದು ಎಲುಬಿನಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳವರೆಗೆ ಉಳಿಯಬಲ್ಲದು. ಹೆಣ್ಣುಮಗಳು ಬಸಿರಾದಾಗ ಎಲುಬಿನಿಂದ ಹೊರಬಂದು ಹೊಟ್ಟೆಯ ಕೂಸಿಗೂ ಹೋಗುತ್ತದೆ. ಮಕ್ಕಳಲ್ಲಿ ಮೊದಲ ಪೆಟ್ಟು ಮಿದುಳಿಗೆ. ಮೇಲ್ನೋಟಕ್ಕೆ ಜ್ವರವಿಲ್ಲ, ವಾಂತಿಯಿಲ್ಲ. ಕೂಸು ಓದಿನಲ್ಲಿ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ, ಸಿಡುಕುತನ, ರಕ್ತಹೀನತೆ, ಆಗಾಗ ಹೊಟ್ಟೆನೋವು. "ಹುಡುಗ ಶಾಣ್ಯಾ ಇಲ್ಲ" ಎಂದು ಬೈಸಿಕೊಳ್ಳುವುದು ಮಗು. ಕಾರಣ ಒಲೆಯ ಪಕ್ಕದಲ್ಲಿ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಇದು ದೂರದ ದೇಶದ ಕಥೆಯಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದಲ್ಲೇ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ. ಬ್ಯಾಟರಿಗಳನ್ನು ಕಂಡಕಂಡಲ್ಲಿ ಒಡೆದು ಕರಗಿಸುವುದು ಇದರ ದೊಡ್ಡ ಕಾರಣಗಳಲ್ಲಿ ಒಂದು ಎಂದು ಆ ವರದಿ ಹೇಳಿತು. ನಮ್ಮ ರಾಜ್ಯದಲ್ಲೂ ಈ ಬಗ್ಗೆ ಹಳೆಯ ಕೆಲಸ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಕೇಂದ್ರ ನಡೆಸಿದವರು ಡಾ. ತುಪ್ಪಿಲ್ ವೆಂಕಟೇಶ್. ದೇಶದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದದ್ದೂ ಇದೇ ಭಯದಿಂದ. ವಾಹನದ ಹೊಗೆಯಿಂದ ದೇಶವೇ ಕಷ್ಟಪಟ್ಟು ಹೊರಹಾಕಿದ ವಿಷವನ್ನು ನಾವು ಪುಕ್ಕಟೆ ಗುಂಡಿನ ಆಸೆಗೆ ಅಡುಗೆಮನೆಗೆ ಕರೆಯುವುದು ಜಾಣತನವಲ್ಲ.

"ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ, ಹಾಲು ಕುಡಿದರೆ ವಿಷ ಇಳೀತೈತಿ" ಎಂಬ ನಂಬಿಕೆಗೆ ಆಧಾರವಿಲ್ಲ. ಒಳಗೆ ಸೇರಿದ ಸೀಸವನ್ನು ಬೆಲ್ಲವಾಗಲಿ ಹಾಲಾಗಲಿ ಹೊರತೆಗೆಯುವುದಿಲ್ಲ. ಮೂಗಿಗೆ ಕಟ್ಟಿದ ಟವೆಲ್ಲು ಆ ನಯವಾದ ಪುಡಿಯನ್ನು ತಡೆಯುವುದಿಲ್ಲ. ಸೀಸ ಕರಗಿಸಿದವರ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಬಸುರಿಯರಿದ್ದರೆ, ವೈದ್ಯರಿಗೆ ಆ ವಿಷಯ ಹೇಳಿ ರಕ್ತದಲ್ಲಿನ ಸೀಸದ ಪರೀಕ್ಷೆ ಕೇಳುವುದು ಸರಿಯಾದ ದಾರಿ. ಆ ಜಾಗವನ್ನು ಪೊರಕೆಯಿಂದ ಗುಡಿಸಬೇಡಿ, ಪುಡಿ ಮತ್ತೆ ಹಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ನವಿಲು, ಮಂಗ ಮತ್ತು ಮಲಪ್ರಭೆ

ಸವದತ್ತಿ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ಜಾಗದ ಹೆಸರೇ ನವಿಲುತೀರ್ಥ. ಹೆಸರಿನಲ್ಲೇ ನವಿಲಿರುವ ಈ ಸೀಮೆಯಲ್ಲಿ ನವಿಲು ಬೆಳೆಗೆ ಕೊಕ್ಕು ಹಾಕುವುದೂ ನಿಜ, ರೈತನ ಸಿಟ್ಟೂ ನಿಜ. ಆದರೆ "ಹೆದರಿಸಾಕ ಒಂದ್ ಏಟು" ಎಂದು ಹೊಡೆದ ಗುಂಡು ಹಕ್ಕಿಯ ಮೈಯಲ್ಲಿ ಉಳಿದರೆ ಅದು ದಿನಗಟ್ಟಲೆ ನರಳಿ ಸಾಯುತ್ತದೆ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. ಏರ್ ಗನ್ನಿಗೆ ಲೈಸನ್ಸ್ ಬೇಡ ಎಂಬುದು ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ನಾಯಿ, ದನಗಳಿಗೆ ಹೊಡೆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ.

ಗುರಿ ತಪ್ಪಿದ ಗುಂಡಿನ ಕಥೆಯೂ ಮುಗಿಯುವುದಿಲ್ಲ. ಹಕ್ಕಿಗಳು ಕಾಳು ಅರೆಯಲೆಂದು ಸಣ್ಣ ಹರಳು ನುಂಗುತ್ತವೆ. ನೆಲದಲ್ಲಿ, ಕೆರೆಯಂಚಿನಲ್ಲಿ ಬಿದ್ದ ಸೀಸದ ಗುಂಡನ್ನೂ ಹರಳೆಂದೇ ನುಂಗಿ ವಿಷವೇರಿ ಸಾಯುತ್ತವೆ. ಇದೇ ಕಾರಣಕ್ಕೆ ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಗಳನ್ನು ನಿಷೇಧಿಸಿತು. 2023ರಿಂದ ಇಡೀ ಯೂರೋಪಿಯನ್ ಒಕ್ಕೂಟ ಜೌಗು ಪ್ರದೇಶಗಳಲ್ಲಿ ಅದನ್ನು ನಿಲ್ಲಿಸಿದೆ.

ಜನರೇ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಅರುಣಾಚಲ ಪ್ರದೇಶದಲ್ಲಿ ಏರ್ ಗನ್ನಿನಿಂದ ಹಕ್ಕಿಗಳು ಬರಿದಾಗುತ್ತಿವೆ ಎಂದು 2021ರ ಮಾರ್ಚಿನಲ್ಲಿ 'ಏರ್ ಗನ್ ಒಪ್ಪಿಸುವ ಅಭಿಯಾನ' ಶುರುವಾಯಿತು. ಹಳ್ಳಿಗಳ ಜನ ತಾವಾಗಿಯೇ 2,000ಕ್ಕೂ ಹೆಚ್ಚು ಏರ್ ಗನ್ನುಗಳನ್ನು ತಂದೊಪ್ಪಿಸಿದರು.

ಜಾತ್ರೆಯ ಬಲೂನು ಅಂಗಡಿ

ಹಾಗಾದರೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ, ಗೊಡಚಿ ವೀರಭದ್ರನ ಜಾತ್ರೆಗೆ ಹೋದಾಗ ಮಕ್ಕಳು ಬಲೂನು ಹೊಡೆಯಬಾರದೇ? ಹೊಡೆಯಲಿ, ನೋಡಿಕೊಂಡು. ಹಲಗೆಯ ಹಿಂದೆ ದಪ್ಪ ಬಟ್ಟೆಯ ಪರದೆಯೋ ಗೋಣಿಯೋ ಇದೆಯೇ, ಬರೀ ತಗಡೇ ಎಂದು ನೋಡಿ. ಹೊಡೆಯುವವರ ಮುಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ನಳಿಗೆ ಸದಾ ಬಲೂನಿನ ಕಡೆಗೇ ಇರಲಿ, ಫೋಟೋಗೆಂದು ತಮ್ಮನ ಕಡೆ ತಿರುಗಿಸುವುದು ಬೇಡ. ಗುಂಡು ಬಾಯಲ್ಲಿ ಇಟ್ಟುಕೊಳ್ಳುವ ಚಾಳಿ ಇದ್ದರೆ ಬಿಡಿಸಿ. ಆಟ ಮುಗಿದ ಮೇಲೆ ಕೈ ತೊಳೆದೇ ಮಿರ್ಚಿ, ಮಂಡಕ್ಕಿ.

ಗುಂಡು ತಾಗಿದರೆ ಏನು ಮಾಡಬೇಕು?

ಮೇಲಿನ ಗಾಯ ಸಣ್ಣದಾಗಿ ಕಂಡರೂ ಒಳಗೆ ಎಷ್ಟು ಆಳ ಹೋಗಿದೆ ಎಂದು ಕಣ್ಣಿಗೆ ಕಾಣದು. ಎಕ್ಸ್-ರೇ ಬೇಕೇ ಬೇಕು. ಚಿಮಟದಿಂದ ಕೀಳಲು ಹೋಗಬೇಡಿ. ಸ್ವಚ್ಛ ಬಟ್ಟೆ ಒತ್ತಿ ರಕ್ತ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಗುಂಡು ಸಂದಿಯೊಳಗೆ, ಅಂದರೆ ಮೊಣಕಾಲು, ಭುಜದ ಕೀಲಿನಲ್ಲಿ ಉಳಿದರೆ ಅಲ್ಲಿನ ದ್ರವದಲ್ಲಿ ಸೀಸ ನಿಧಾನ ಕರಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ "ನೋವಿಲ್ಲ, ಇರ್ಲಿ ಬಿಡು" ಎನ್ನಬಾರದು.

ಕಣ್ಣಿಗೆ ತಾಗಿದರೆ ನಿಯಮ ಬೇರೆ. ಉಜ್ಜಬೇಡಿ, ಒತ್ತಬೇಡಿ, ನೀರು ಸುರಿಯಬೇಡಿ. ಎಣ್ಣೆ, ಎದೆಹಾಲು, ಅರಿಶಿನ, ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಯಾವುದೂ ಬೇಡ. ಒಂದು ಕಾಗದದ ಕಪ್ಪನ್ನು ಕಣ್ಣಿಗೆ ತಾಗದಂತೆ ಮೇಲೆ ಬೋರಲು ಹಾಕಿ ಟೇಪಿನಿಂದ ಅಂಟಿಸಿ, ಕಣ್ಣಿನ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ನೇರ ಹೊರಡಿ. ಈ ನಾಲ್ಕೂ ತಾಲ್ಲೂಕುಗಳಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕೆಲವೇ ಗಂಟೆಗಳ ದಾರಿ. ಬೆಳಗಾಗಲಿ ಎಂದು ಕಾದರೆ ಉಳಿಯಬಹುದಾದ ದೃಷ್ಟಿಯೂ ಹೋಗಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

- .177 ಅಳತೆ ಅಥವಾ 20 ಜೂಲ್, ಎರಡರಲ್ಲಿ ಒಂದು ಮೀರಿದರೂ ಏರ್ ಗನ್ನಿಗೆ ಲೈಸನ್ಸ್ ಬೇಕು.
- ಮಿತಿಯೊಳಗಿನ ಗನ್ನೂ ಕಣ್ಣು ಕಳೆಯಬಲ್ಲದು, ಪ್ರಾಣ ತೆಗೆಯಬಲ್ಲದು.
- ಮನೆಯಲ್ಲಿ ಸೀಸ ಕರಗಿಸಬೇಡಿ. ಹಳೆಯ ಬ್ಯಾಟರಿ ಒಡೆಯಬೇಡಿ, ಅಂಗಡಿಗೆ ಮರಳಿಸಿ.
- ಬೆಲ್ಲ, ಹಾಲು ಸೀಸದ ವಿಷಕ್ಕೆ ಮದ್ದಲ್ಲ.
- ನವಿಲು, ಹಕ್ಕಿ, ಮಂಗಗಳಿಗೆ ಏರ್ ಗನ್ ಹಿಡಿಯಬೇಡಿ.
- ಕಣ್ಣಿಗೆ ಗುಂಡು ತಾಗಿದರೆ ಉಜ್ಜದೆ, ತೊಳೆಯದೆ, ಕಪ್ಪು ಮುಚ್ಚಿ ಆಸ್ಪತ್ರೆಗೆ.

ಗುರಿ ಹೊಡೆಯುವ ಆಸೆ ತಪ್ಪಲ್ಲ. ಆ ಆಸೆಯುಳ್ಳ ಮಗ, ಮಗಳು ಮನೆಯಲ್ಲಿದ್ದರೆ ಶೂಟಿಂಗ್ ಕಲಿಸುವ ಕ್ಲಬ್ಬಿಗೆ, ಎನ್‌ಸಿಸಿಗೆ ಕಳಿಸಿ. ಅಲ್ಲಿ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ, ಯಾವಾಗ ಹೊಡೆಯಬಾರದು ಎಂಬುದನ್ನು. ಒಲೆಯ ಮೇಲೆ ಸೀಸ ಕರಗಿಸುವ ವಿಡಿಯೋ ನಿಮ್ಮ ಮನೆಯ ಗ್ರೂಪಿಗೆ ಬಂದಿದ್ದರೆ, ಅದರ ಕೆಳಗೇ ಈ ಲೇಖನ ಹಾಕಿ. ಆ ಮನೆಯಲ್ಲೊಂದು ಅಂಬೆಗಾಲಿಡುವ ಕೂಸು ಇರಬಹುದು.